ಕವಡೆ ಎಸೆದು ಕೂಡಿಸುವ ಸುಖ

ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕುವಾಗ ನನ್ನ ಮನಸ್ಸು ಗರಕ್ಕಿಂತ ಮೊದಲೇ ಲೆಕ್ಕದ ಕಡೆಗೆ ಓಡುತ್ತದೆ. ಚೌಕಾಬಾರ ಆಡಿದವರಿಗೆ ಗೊತ್ತು: ಅಂಗಾತ ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಬೀಳುವ ಬಗೆ ಎರಡೇ, ಒಂದು ಕವಡೆಯ ಹಂಗು ಇನ್ನೊಂದಕ್ಕಿಲ್ಲ. ದ್ವಿಪದ ವಿತರಣೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

ನಾಣ್ಯದ ಹಾಗೆ ಕವಡೆಯ ಎರಡು ಮೈ ಒಂದೇ ತೆರನಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳುಬಾಯಿ. ಹತ್ತಕ್ಕೆ ನಾಲ್ಕು ಸಲ ಮಾತ್ರ ಅಂಗಾತ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಆಗ ಬಾರ ಬೀಳುವ ಸಂಭವನೀಯತೆ 0.6ರ ನಾಲ್ಕನೇ ಘಾತ, 0.1296. ಇಲ್ಲಿಂದ ಮುಂದೆ ಘಾತಗಳ ಗೋಜೇ ಬೇಡ. ಹಿಂದಿನ ಸಂಖ್ಯೆಯನ್ನು ಪ್ರತಿಸಲವೂ 2/3ರಿಂದ (ಅದು 0.4 ಭಾಗಿಸು 0.6), ಜೊತೆಗೆ ಸರದಿಯಂತೆ 4/1, 3/2, 2/3, 1/4ರಿಂದ ಗುಣಿಸುತ್ತ ಹೋದರಾಯಿತು. ಒಂದು ಅಂಗಾತಕ್ಕೆ 0.3456. ಎರಡಕ್ಕೆ ಬಂದಾಗ 2/3 ಮತ್ತು 3/2 ಒಂದನ್ನೊಂದು ಹೊಡೆದುಹಾಕಿ ಮತ್ತೆ 0.3456! ಪೆನ್ಸಿಲ್ ಅಲ್ಲಿ ಕ್ಷಣ ನಿಲ್ಲುತ್ತದೆ. ಆಮೇಲೆ 0.1536, ಕೊನೆಗೆ ಚೌಕಕ್ಕೆ 0.0256.

ಮೇಲೆ ಇಳಿಯುವ, ಕೆಳಗೆ ಏರುವ ಆ ಭಿನ್ನರಾಶಿಗಳು ನಮಗೆ ಹೊಸವಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಆಯ್ಕೆಗಳನ್ನು ಎಣಿಸಲು ಇದೇ ದಾರಿ ತೋರಿಸಿದ್ದ. ಯಾಕೋಬ್ ಬರ್ನೂಲಿ ಇದನ್ನು ಸಂಭವನೀಯತೆಗೆ ಒಗ್ಗಿಸಿದ ಗ್ರಂಥ ಅಚ್ಚಾದದ್ದು 1713ರಲ್ಲಿ, ಅವನು ತೀರಿಕೊಂಡು ಎಂಟು ವರ್ಷಗಳ ಮೇಲೆ.

ನನಗೆ ನಿಜವಾದ ಸುಖ ಸಿಗುವುದು ಪಕ್ಕದ ಸಾಲಿನಲ್ಲಿ, ಬಂದದ್ದನ್ನು ಬಂದ ಹಾಗೆ ಕೂಡಿಸುತ್ತ ಹೋಗುವಾಗ: 0.1296, 0.4752, 0.8208, 0.9744, 1. ಕೊನೆಯದು ಸರಿಯಾಗಿ ಒಂದಕ್ಕೆ ಬಂದು ನಿಂತರೆ ಲೆಕ್ಕ ಹದಿನಾರಾಣೆ ಸರಿ. ಈ ಸಂಚಿತ ಸಾಲಿದ್ದರೆ ಯಾವ ಪ್ರಶ್ನೆಗೂ ಉತ್ತರ ಸಿದ್ಧ. ಎರಡಕ್ಕಿಂತ ಹೆಚ್ಚು ಅಂಗಾತ ಬೀಳುವುದಿಲ್ಲವೇ? 0.8208. ಮೂರಾದರೂ ಬಿದ್ದೀತೇ? ಒಂದರಿಂದ ಅದನ್ನು ಕಳೆಯಿರಿ, 0.1792. ಎರಡು ಮೈಯೂ ಸಮವಾಗಿ ಬೀಳುವ ಕವಡೆಯಾದರೆ ಇದೇ 0.3125 ಆಗುತ್ತಿತ್ತು. ಒಂದು ಕವಡೆಯ ಸಣ್ಣ ಒಲವು ನಾಲ್ಕು ಕೂಡಿದಾಗ ಇಷ್ಟು ದೊಡ್ಡದಾಗುತ್ತದೆ.

ಗಣಕಯಂತ್ರ ಇದನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ, ಆದರೆ ಆ ಎರಡು 0.3456 ಹೇಗೆ ಜೋಡಿಯಾದವು ಎಂಬುದನ್ನು ಕಾಣಿಸುವುದಿಲ್ಲ. ಮನೆಯಲ್ಲಿ ಕವಡೆ ಇದ್ದರೆ ಒಂದನ್ನೇ ನೂರು ಸಲ ಎಸೆದು ಅಂಗಾತ ಬಿದ್ದದ್ದನ್ನು ಎಣಿಸಿ, ನನ್ನ 0.4ರ ಜಾಗದಲ್ಲಿ ನಿಮ್ಮ ಸಂಖ್ಯೆ ಇಟ್ಟು, ಒಮ್ಮೆ ಕೈಯಲ್ಲೇ ಕೂಡಿಸಿ ನೋಡಿ.