ದಿಗ್ವ್ರತವೂ ಓಟದ ದಾರಿಯೂ

ಶ್ರಾವಕರ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಇಂದು ಬಹುಮಟ್ಟಿಗೆ ಹೆಸರಿನಲ್ಲಿ ಮಾತ್ರ ಉಳಿದಿದೆ. ನದಿ, ಕಾಡು, ಬೆಟ್ಟ, ನಾಡು ಮುಂತಾದ ಎಲ್ಲರೂ ಬಲ್ಲ ಗುರುತುಗಳನ್ನು ಎಲ್ಲೆಯಾಗಿಟ್ಟುಕೊಂಡು, ಇದರಾಚೆಗೆ ತನ್ನ ಸಂಚಾರವಿಲ್ಲವೆಂದು ಗೃಹಸ್ಥನು ತಾನೇ ಹಾಕಿಕೊಳ್ಳುವ ಕಟ್ಟಳೆ ಅದು. ಎಲ್ಲೆಯ ಆಚೆಗಿನ ಜೀವಗಳಿಗೆ ತನ್ನಿಂದ ಸೂಕ್ಷ್ಮ ಹಿಂಸೆಯೂ ಆಗಬಾರದೆಂಬುದು ಅದರ ತಾತ್ಪರ್ಯ. ಎತ್ತಿನ ಗಾಡಿಯ ಕಾಲದ ವರ್ತಕನಿಗೆ ಇದು ಸಹಜವಾಗಿ ಅರ್ಥವಾಗುತ್ತಿತ್ತು. ಬೆಳಗಿನ ಉಪಾಹಾರ ಬೆಳಗಾವಿಯಲ್ಲಿ, ರಾತ್ರಿಯ ನಿದ್ರೆ ಮುಂಬಯಿಯಲ್ಲಿ ಎನ್ನುವ ಇಂದಿನ ವರ್ತಕನಿಗೆ ಅಷ್ಟು ಸುಲಭವಾಗಿ ಅರ್ಥವಾಗದು. ಹೀಗಿರುವಾಗ, ಮರೆತುಹೋದ ಈ ವ್ರತವನ್ನು ಮತ್ತೆ ಚರ್ಚೆಗೆ ತಂದವಳು ಓಡುವ ಒಬ್ಬ ಹುಡುಗಿ ಎಂಬುದು ವಿಚಿತ್ರವಾದರೂ ನಿಜ.

ಆಕೆ ಹಳಿಯಾಳ ಸೀಮೆಯ ಒಬ್ಬ ಜವಳಿ ವರ್ತಕರ ಮೊಮ್ಮಗಳು. ಕಾಲೇಜಿನ ಗುಡ್ಡಗಾಡು ಓಟದ ತಂಡದಲ್ಲಿದ್ದವಳು. ಎರಡು ವರ್ಷಗಳ ಹಿಂದೆ ಆಕೆಯೂ ಗೆಳತಿಯರೂ ಸೇರಿ ಸಮೀಪದ ಬಸದಿಯ ಟ್ರಸ್ಟಿಗೆ ಒಂದು ಮನವಿ ಕೊಟ್ಟರು. ಆಗಸ್ಟ್ 15ರಂದು ನಸುಕಿನಲ್ಲಿ ಸಮಾಜದ ಯುವಕ ಯುವತಿಯರಿಗಾಗಿ ಒಂದು ಓಟವನ್ನು ಏರ್ಪಡಿಸಬೇಕು, ಬಸದಿಯ ಅಂಗಳದಿಂದಲೇ ಅದು ಹೊರಡಬೇಕು ಎಂಬುದು ಮನವಿಯ ಸಾರ. ಸಭೆಯಲ್ಲಿ ಹಿರಿಯರೊಬ್ಬರು, “ಎಲ್ಲಿಗೂ ಹೋಗಾಂಗಿಲ್ಲ, ಏನೂ ತರಾಂಗಿಲ್ಲ. ಸುಮ್ಮನ ಓಡೂದಂದ್ರ ಏನು? ಅದೂ ಚಾತುರ್ಮಾಸದಾಗ” ಎಂದರು. ಮನವಿ ತಿರಸ್ಕೃತವಾಯಿತು. ಓಟವೇ ಹಿಂಸೆ, ಹುಡುಗಿಯರು ಮನೆಯಲ್ಲಿ ಕುಳಿತು ಸ್ವಾಧ್ಯಾಯ ಮಾಡಲಿ ಎಂಬ ಮಾತೂ ಸಭೆಯ ಹೊರಗೆ ಹರಡಿತು. ಹುಡುಗಿ ಬಸದಿಗೆ ಬರುವುದನ್ನು ಬಿಟ್ಟಳು. ಮನೆಯಲ್ಲಿ ಅಜ್ಜ ಕೇಳಿದಾಗ, “ಅಜ್ಜಾ, ನೀವು ಸಾಮಾಯಿಕಕ್ಕ ಕುಂತಾಗ ಎಲ್ಲಿಗೆ ಹೋಗತೀರಿ?” ಎಂದು ಮರುಪ್ರಶ್ನೆ ಹಾಕಿದಳು.

ಮಾತು ಚುರುಕಾದುದೇ, ಆದರೆ ಅದು ಉತ್ತರವಲ್ಲ. ಕುಳಿತವನ ಕಾಲಡಿ ಯಾವ ಜೀವವೂ ಸಾಯುವುದಿಲ್ಲ. ಹಿರಿಯರ ಆಕ್ಷೇಪಕ್ಕೆ ಶಾಸ್ತ್ರದ ಆಧಾರವೂ ಇತ್ತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು ಇವುಗಳ ಜೊತೆಗೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದೆ. ಈ ಎರಡನೆಯ ಮಾತು ಟ್ರಸ್ಟುಗಳಿಗೆ ನೇರವಾಗಿ ತಾಗುತ್ತದೆ: ಓಟವನ್ನು ಏರ್ಪಡಿಸುವವರೂ ಪಾಲುದಾರರೇ.

ಆದರೆ ಅದೇ ಶಾಸ್ತ್ರದಲ್ಲಿ ಇನ್ನೊಂದು ಪಕ್ಕವೂ ಇದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣಕ್ಕೆ ಮೊದಲು ಪ್ರಮತ್ತಯೋಗವನ್ನು, ಅಂದರೆ ಎಚ್ಚರತಪ್ಪಿದ ಮನೋವಾಕ್ಕಾಯಗಳ ವ್ಯಾಪಾರವನ್ನು ಇಟ್ಟಿದ್ದಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆರಂಭೀ, ಉದ್ಯೋಗೀ ಹಿಂಸೆಗಳನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ಶರೀರವನ್ನು ಆರೋಗ್ಯವಾಗಿಟ್ಟುಕೊಳ್ಳುವುದು ನಿಷ್ಪ್ರಯೋಜನವೆಂದು ಯಾವ ಆಚಾರ್ಯರೂ ಹೇಳಿಲ್ಲ. ಇನ್ನು, ಓಟ ಹಿಂಸೆಯೆಂದ ಹಿರಿಯರೂ ಅದೇ ಶ್ರಾವಣದ ನಸುಕಿನಲ್ಲಿ ಅದೇ ರಸ್ತೆಯ ಮೇಲೆ ಸ್ಕೂಟರಿನಲ್ಲಿ ಅಂಗಡಿಗೆ ಹೋಗುತ್ತಿದ್ದರು ಎಂಬುದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಾಗದು. ಚಕ್ರಕ್ಕೆ ಕಣ್ಣಿಲ್ಲ, ಕಾಲಿಗೆ ಅಷ್ಟಿಷ್ಟಾದರೂ ಇದೆ.

ಹಾಗಾದರೆ ಎಷ್ಟು ಇದೆ? ಈರ್ಯಾಸಮಿತಿಯಲ್ಲಿ ಮುನಿಗಳಿಗೆ ಹೇಳಿರುವ ನಿಯಮಗಳು ಖಚಿತವಾಗಿವೆ. ಸೂರ್ಯನ ಬೆಳಕಿರಬೇಕು, ಜನ ಜಾನುವಾರು ತುಳಿದು ಪ್ರಾಸುಕವಾದ ದಾರಿಯಾಗಿರಬೇಕು, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕು. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡುವವರು ಸೆಕೆಂಡಿಗೆ ಒಂಬತ್ತು ಅಡಿ ಸಾಗುತ್ತಾರೆ. ಮುನಿಗಳ ನಡಿಗೆಗೆ ಸಾಕಾದ ನೋಟ ಓಟಕ್ಕೆ ಸಾಲದು; ಕಂಡ ಜೀವವನ್ನು ತಪ್ಪಿಸುವಷ್ಟರಲ್ಲಿ ಕಾಲು ಅದನ್ನು ದಾಟಿರುತ್ತದೆ. ಆದ್ದರಿಂದ ಓಡುವವರು ನಾಲ್ಕರ ಬದಲು ಹತ್ತು ಹನ್ನೆರಡು ಮೊಳ ಮುಂದೆ ನೋಡಬೇಕು, ಇಲ್ಲವೆ ವೇಗವನ್ನು ತಗ್ಗಿಸಬೇಕು. ನಸುಕಿನ ಕತ್ತಲಲ್ಲಿ ಎರಡೂ ಸಾಧ್ಯವಿಲ್ಲ. ಹೆಚ್ಚಿನವರು ಓಡಲು ಆರಿಸಿಕೊಳ್ಳುವುದು ಮಾತ್ರ ಅದೇ ಹೊತ್ತನ್ನು.

ಮಳೆಗಾಲದ ಪ್ರಶ್ನೆ ಇನ್ನೂ ದೊಡ್ಡದು. ಈ ಸೀಮೆಯಲ್ಲಿ ಮೃಗಶಿರಾ ಮಳೆ ಬಿದ್ದೊಡನೆ ನೆಲವೆಲ್ಲ ಜೀವಮಯವಾಗುತ್ತದೆ. ಎರೆಹುಳು, ಬಸವನಹುಳು, ಸಹಸ್ರಪದಿ, ಬೆರಳುಗುರಿನಷ್ಟಿರುವ ಕಪ್ಪೆಮರಿ, ಗದ್ದೆಯಿಂದ ಗದ್ದೆಗೆ ರಸ್ತೆ ದಾಟುವ ಏಡಿ, ದೀಪದಡಿ ಉದುರಿದ ಗೆದ್ದಲ ರೆಕ್ಕೆಹುಳು ಎಲ್ಲವೂ ಡಾಂಬರಿನ ಮೇಲೆಯೇ. ಜೊಯಿಡಾದ ಕಡೆ ಮಳೆ ಇನ್ನೂ ಹೆಚ್ಚು, ಜೀವಗಳೂ ಹೆಚ್ಚು. ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವ ನಿಯಮ ಕೇವಲ ಗ್ರಂಥದ ಮಾತಲ್ಲ. ಅದಕ್ಕೆ ಈ ನೆರೆಯಲ್ಲಿಯೇ ತಾಮ್ರಪಟದ ಸಾಕ್ಷ್ಯವಿದೆ.

ಹಳಿಯಾಳದಿಂದ ವಾಯವ್ಯಕ್ಕೆ, ಖಾನಾಪುರ ತಾಲ್ಲೂಕಿನಲ್ಲಿರುವ ಹಲಸಿಯೇ ಕದಂಬರ ಪಲಾಶಿಕಾ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಕಾಲದಲ್ಲಿ ಮತ್ತೊಮ್ಮೆ ಮೆರೆದ ಆ ಊರನ್ನು ಭೂವರಾಹ ನರಸಿಂಹ ದೇವಾಲಯಕ್ಕಾಗಿ ಇಂದು ಜನ ಬಲ್ಲರು. ಆದರೆ ಅದಕ್ಕೂ ಬಹು ಹಿಂದೆ, ಐದನೆಯ ಶತಮಾನದಲ್ಲಿ, ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರಿಗೂ ನಿರ್ಗ್ರಂಥರಿಗೂ ಕೂರ್ಚಕರಿಗೂ 33 ನಿವರ್ತನ ಭೂಮಿಯನ್ನು ಕೊಟ್ಟನು. ಅವನ ಮಗ ರವಿವರ್ಮನ ತಾಮ್ರಶಾಸನವು, ಪ್ರತಿವರ್ಷ ಕಾರ್ತಿಕ ಪೂರ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಮಹಿಮೆ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಈ ಶಾಸನಗಳನ್ನು ಪ್ರಕಟಿಸಿದನು. ಸಾವಿರದ ಐನೂರು ವರ್ಷಗಳ ಹಿಂದೆ ಇದೇ ಮಳೆ, ಇದೇ ನೆಲವನ್ನು ಕಂಡ ಒಬ್ಬ ಅರಸ, ನಡೆಯುವವರು ನಾಲ್ಕು ತಿಂಗಳು ನಿಂತರೆ ಅವರ ಊಟದ ಹೊಣೆ ಊರಿನದು ಎಂದು ಒಪ್ಪಿದ್ದನು.

ಈ ಶಾಸನವನ್ನು ಹುಡುಗಿಗೆ ತೋರಿಸಿದವರು ಆಕೆಯ ಅಜ್ಜ. ಬೈಯಲೂ ಇಲ್ಲ, ಬೋಧಿಸಲೂ ಇಲ್ಲ. “ತಂಗಿ, ಓಡಬ್ಯಾಡ ಅನ್ನಾಂಗಿಲ್ಲ. ಯಾವಾಗ, ಯಾವ ದಾರಿಗೆ ಅನ್ನೂದನ್ನ ನೀನ ಬರಿ” ಎಂದು ಅಂಗಡಿಯ ಹಳೆಯ ಖಾತೆಪುಸ್ತಕವೊಂದನ್ನು ಕೊಟ್ಟರು. ಆಕೆ ಬರೆದಳು. ಒಂದೊಂದು ದಾರಿಗೂ ಒಂದು ಪುಟ. ತಿಥಿ, ಹೊತ್ತು, ನೆಲದ ಸ್ಥಿತಿ, ಕಂಡ ಜೀವಗಳು, ಹಿಂತಿರುಗಬೇಕಾದ ಗುರುತು. ಜಮಾಖರ್ಚು ಬಲ್ಲ ಮನೆತನದ ಹುಡುಗಿಗೆ ಇದು ಕಷ್ಟವಾಗಲಿಲ್ಲ.

ಆ ಪುಟಗಳಿಂದ ತಿಳಿದುಬಂದ ಸಂಗತಿಗಳು ಹಿರಿಯರೂ ಯೋಚಿಸದಂಥವು. ಮಳೆ ನಿಂತ ಮೇಲೆ ಜೀವಗಳ ಸಂಚಾರ ತಗ್ಗುತ್ತದೆ, ನಿಜ. ಆದರೆ ಆಗಲೇ ಕಬ್ಬಿನ ಟ್ರ್ಯಾಕ್ಟರುಗಳು ಹೊರಡುತ್ತವೆ. ಹಳಿಯಾಳದ ಸಕ್ಕರೆ ಕಾರ್ಖಾನೆಯ ದಾರಿಗಳು ಓಡುವವರಿಗೆ ಅಪಾಯಕರವಾಗುತ್ತವೆ. ಒಳರಸ್ತೆಗಳಲ್ಲಿ ರೈತರು ಭತ್ತವನ್ನು ಒಣಹಾಕಿರುತ್ತಾರೆ. ಅದನ್ನು ತುಳಿದು ಓಡುವುದು ವ್ರತದ ಮಾತನ್ನು ಬಿಟ್ಟರೂ ಸಭ್ಯತೆಯಲ್ಲ. ದಾಂಡೇಲಿಯ ಸುತ್ತಲಿನ ಕಾಡಂಚಿನಲ್ಲಿ ಬೇರೆಯೇ ಲೆಕ್ಕ. ಆ ಊರು ಮಂಗಟ್ಟೆ ಹಕ್ಕಿಗಳಿಗೆ ಹೆಸರಾದದ್ದು. ಚಳಿಗಾಲ ಮುಗಿಯುತ್ತ ಬರುವಾಗ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕೂರುತ್ತದೆ. ಗಂಡು ಹಣ್ಣು ತಂದುಣಿಸಬೇಕು. ಮರದಡಿ ಗುಂಪು ಗದ್ದಲವಾದರೆ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗಿನವು ಹಸಿಯುತ್ತವೆ. ಇಲ್ಲಿ ಕಾಲಡಿ ಏನೂ ಸಾಯದಿದ್ದರೂ ಹಿಂಸೆಯಾಗುತ್ತದೆ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ, 2015ರಿಂದ ಕಾಳಿಯ ಹೆಸರನ್ನು ಪಡೆದ ಅರಣ್ಯದ ಒಳಗಂತೂ ಓಟದ ಪ್ರಶ್ನೆಯೇ ಏಳಬಾರದು. ಜೊಯಿಡಾದ ಬಹುಭಾಗ ಹೀಗೆ ಪುಸ್ತಕದಿಂದ ಹೊರಗುಳಿಯಿತು.

ತಂಡದಲ್ಲಿ ಸಿದ್ದಿ ಸಮುದಾಯದ ಒಬ್ಬ ಹುಡುಗಿಯೂ ಇದ್ದಳು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಯೋಜನೆಯೊಂದರಲ್ಲಿ ಈ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದದ್ದು, ಅವರಲ್ಲಿ ಹಲವರು ಪದಕಗಳನ್ನು ಗೆದ್ದದ್ದು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು ಅನೇಕರು ಅರ್ಧದಾರಿಯಲ್ಲಿ ಊರಿಗೆ ಮರಳಿದ್ದು ಇಲ್ಲಿನವರಿಗೆ ಗೊತ್ತು. ಕರೆತಂದವರನ್ನು ನಡುದಾರಿಯಲ್ಲಿ ಬಿಡುವುದಕ್ಕೆ ಶಾಸ್ತ್ರದಲ್ಲಿ ಯಾವ ಹೆಸರಿದೆಯೋ, ಇತರರನ್ನು ಅಲೆಯಿಸುವುದೆಂಬ ಮಾತು ಅದಕ್ಕೆ ದೂರವಾದುದಲ್ಲ. ಆ ಹುಡುಗಿಗೆ ಮಳೆಗಾಲದಲ್ಲಿ ಓಡದಿರುವ ಆಯ್ಕೆ ಇರಲಿಲ್ಲ. ಬಸ್ಸು ಹಿಡಿಯಲು ಅವಳು ದಿನವೂ ಓಡಲೇಬೇಕಿತ್ತು. ವ್ರತವು ತನಗೆ ತಾನು ಹಾಕಿಕೊಳ್ಳುವ ಮೇರೆಯೇ ಹೊರತು ಅನ್ಯರನ್ನು ಅಳೆಯುವ ಕೋಲಲ್ಲವೆಂದು ಅಜ್ಜ ಆ ಪುಟದ ಅಂಚಿನಲ್ಲಿ ಬರೆದಿಟ್ಟರು.

ದಿಗ್ವ್ರತದ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ ಎಂಬೆರಡಿವೆ. ಮೇರೆಯನ್ನು ಹಿಗ್ಗಿಸುವುದು ಮತ್ತು ಮೇರೆಯನ್ನೇ ಮರೆಯುವುದು. ಓಡುವವರ ಕೈಗಡಿಯಾರ ಇಂದು ಪ್ರತಿ ಕಿಲೋಮೀಟರಿಗೆ ಒಮ್ಮೆ ಮಿಡಿದು ಇನ್ನೊಂದಕ್ಕೆ ಆಸೆ ಹುಟ್ಟಿಸುತ್ತದೆ. ಗಳಿಕೆಯ ಚಟವುಳ್ಳ ವರ್ತಕರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ. ಹುಡುಗಿ ತನ್ನ ಪುಟಗಳಲ್ಲಿ ಹಿಂತಿರುಗುವ ಗುರುತನ್ನು ಮೀರಿದ ದಿನಗಳನ್ನು ಕೆಂಪು ಮಸಿಯಲ್ಲಿ ಬರೆದಿದ್ದಳು. ಮೊದಲ ತಿಂಗಳು ಕೆಂಪೇ ಹೆಚ್ಚು.

ಮರುವರ್ಷ ಅಜ್ಜ ಆ ಪುಸ್ತಕವನ್ನೇ ಟ್ರಸ್ಟಿನ ಮುಂದಿಟ್ಟರು. ಚರ್ಚೆ ಎರಡು ಸಭೆಗಳವರೆಗೆ ನಡೆಯಿತು. ಕೊನೆಗೆ ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿದ ನಂತರದ ಭಾನುವಾರ, ಸೂರ್ಯೋದಯವಾದ ಮೇಲೆ, ನಂದಗಡದಿಂದ ಹಲಸಿಯವರೆಗೆ ರೂಢಿಯ ರಸ್ತೆಯಲ್ಲಿ ಓಟವೆಂದು ನಿಶ್ಚಯವಾಯಿತು. ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬ ಲೆಕ್ಕ ಬೇಡವೆಂದು ಹುಡುಗಿಯರೇ ಹೇಳಿದರು. ಗೆಲ್ಲುವ ಆತುರದಲ್ಲಿ ಯಾರೂ ನೆಲ ನೋಡುವುದಿಲ್ಲವೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಗಾಳಿಸಿದ ನೀರನ್ನು ತಾಮ್ರದ ಕೊಡಗಳಲ್ಲಿ ಇಡಲಾಯಿತು. ಆಕ್ಷೇಪವೆತ್ತಿದ್ದ ಹಿರಿಯರು ಕೊಡಗಳ ಬಳಿ ಕುಳಿತು ತಾವೇ ನೀರು ಕೊಟ್ಟರು.

ಹಲಸಿಯಲ್ಲಿ ಅಧ್ಯಾಪಕರೊಬ್ಬರು ರವಿವರ್ಮನ ಶಾಸನದ ಅರ್ಥವನ್ನು ಓದಿ ಹೇಳಿದರು. ಆ 33 ನಿವರ್ತನ ಭೂಮಿ ಎಲ್ಲಿತ್ತೆಂದು ಮಕ್ಕಳು ಕೇಳಿದಾಗ, ಸುತ್ತಲಿನ ಗದ್ದೆಗಳತ್ತ ಕೈ ತೋರಿಸುವುದನ್ನು ಬಿಟ್ಟು ಅವರಿಗೂ ಬೇರೆ ಉತ್ತರವಿರಲಿಲ್ಲ. ಮುಂದಿನ ಸಲ ಮುಂಡಗೋಡಕ್ಕೆ ಹೋಗೋಣ, 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಮುದುಕಿಯರೂ ಜಪಮಾಲೆ ಹಿಡಿದು ಮಂದಿರದ ಸುತ್ತ ನಡೆಯುತ್ತಾರೆ, ಅವರ ಪ್ರದಕ್ಷಿಣೆಯ ದಾರಿಯನ್ನು ನೋಡಬೇಕು ಎಂದು ಹುಡುಗಿಯೊಬ್ಬಳು ಕೇಳಿಕೊಂಡಳು. ಅಲ್ಲಿ ಓಡುವುದಲ್ಲ, ನಡೆಯುವುದು ಎಂದು ಟ್ರಸ್ಟಿನ ಕಾರ್ಯದರ್ಶಿ ಬರೆದುಕೊಂಡರು. ದಾಂಡೇಲಿಯ ಕಡೆಗೆ ಕೇಳಿದವರಿಗೆ ಮಾತ್ರ, ಮಂಗಟ್ಟೆಗಳು ಗೂಡಿಗೆ ಕೂರುವ ಮೊದಲೇ ಮಾರ್ಗಶಿರದೊಳಗೆ ಮುಗಿಸುವುದಾದರೆ ನೋಡೋಣವೆಂಬ ಉತ್ತರ ದೊರೆಯಿತು. ಆ ವಿಷಯ ಇನ್ನೂ ಸಭೆಯ ಮುಂದಿದೆ.