ಸೋಲಿನ ವಹಿ

ಬಿಜಿಎಂಐ ಎಂಬ ಮೊಬೈಲ್ ಆಟದಲ್ಲಿ ಸುಮಾರು 100 ಮಂದಿ ದ್ವೀಪಕ್ಕೆ ಇಳಿಯುತ್ತಾರೆ. ಸುರಕ್ಷಿತ ವರ್ತುಲ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವರು ಗೆದ್ದಂತೆ. ರಜೆಗೆ ನಿಪ್ಪಾಣಿಗೆ ಹೋದಾಗ, ಸೋತಾಗಲೆಲ್ಲ ನಾನು ನೆಟ್‌ವರ್ಕಿಗೆ ಬೈಯುತ್ತಿದ್ದೆ.

ಹರೆಯದಲ್ಲಿ ಕುಸ್ತಿ ಆಡಿದ್ದ ಅಜ್ಜ ಅಂದರು: “ಬಿದ್ದ ಮ್ಯಾಲ ಮಣ್ಣಿಗೆ ಬೈದ್ರ ಏನ್ ಬಂತೋ? ಯಾವ ಪಟ್ಟಿಗೆ ಬಿದ್ದಿ, ಅದನ್ನ ನೋಡು.”

ಆಟದಲ್ಲಿ ಹಳೆಯ ಪಂದ್ಯಗಳ ದಾಖಲೆ ಇರುತ್ತದೆ: ಎಷ್ಟು ಹೊತ್ತು ಉಳಿದೆ, ಎಷ್ಟು ಮಂದಿಯನ್ನು ಹೊಡೆದೆ. ಒಂದೊಂದನ್ನೂ ನೆನೆದು 10 ಸೋಲುಗಳನ್ನು ವಹಿಯಲ್ಲಿ ಬರೆದೆ. ಏಳು ಸಲ, ತಡವಾಗಿ ಹೊರಟು ವರ್ತುಲದ ಕಡೆ ಬಯಲಲ್ಲಿ ಓಡುವಾಗಲೇ ಔಟಾಗಿದ್ದೆ. ನೆಟ್‌ವರ್ಕ್ ಕೈಕೊಟ್ಟದ್ದು ಒಂದೇ ಸಲ!

ಈಗ ಬೇಗ ಹೊರಡುತ್ತೇನೆ. ಇನ್ನೂ ಗೆದ್ದಿಲ್ಲ, ಹೆಚ್ಚು ಹೊತ್ತು ಉಳಿಯುತ್ತೇನೆ.

ಮಡಚಿ ಬಚ್ಚಿಟ್ಟಿದ್ದ ಗಣಿತದ ಉತ್ತರಪತ್ರಿಕೆಯನ್ನೂ ನಿನ್ನೆ ಹೊರಗೆ ತೆಗೆದೆ.