ಧಣಿಯ ದಾನ

ಒಂದೇ ಮನೆತನದ ನೆರಳಿನಲ್ಲಿ ಒಂದು ಊರು ಎಷ್ಟು ತಲೆಮಾರು ಬದುಕಬಹುದು? ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿರುವ ಸ್ಯಾನ್ ಸಿಮಿಯೋನ್ ಎಂಬ ಸಣ್ಣ ಊರಿನ ಚರಿತ್ರೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅದು ದನಗಾಹಿಗಳ ಸೀಮೆ. ಒಂದು ಕಡೆ ಶಾಂತಸಾಗರ, ಇನ್ನೊಂದು ಕಡೆ ಹುಲ್ಲುಗುಡ್ಡಗಳು. ಸಲೀನನ್, ಚುಮಾಶ್ ಮೂಲನಿವಾಸಿಗಳ ಈ ನೆಲ ಮೊದಲು ಕ್ರೈಸ್ತ ಮಿಷನ್‌ಗೆ, ಆಮೇಲೆ ಮೆಕ್ಸಿಕೋ ಕಾಲದ ಜಹಗೀರುದಾರರಿಗೆ ಸೇರಿತು. 1860ರ ದಶಕದ ಭೀಕರ ಬರದಲ್ಲಿ ದನಗಳು ಸತ್ತವು, ಜಹಗೀರುದಾರರು ಸೋತರು. ಗಣಿಯಲ್ಲಿ ಹಣ ಮಾಡಿದ್ದ ಜಾರ್ಜ್ ಹರ್ಸ್ಟ್ 1865ರಲ್ಲಿ ಅಲ್ಲಿ ಭೂಮಿ ಕೊಳ್ಳತೊಡಗಿದ. ಒಬ್ಬರ ಬರ ಇನ್ನೊಬ್ಬರ ಸುಗ್ಗಿ!

ಅವನ ಮಗ, ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್, 1919ರಿಂದ ಗುಡ್ಡದ ಮೇಲೆ ಅರಮನೆ ಕಟ್ಟಿಸಿದ. ಅದನ್ನು ರೂಪಿಸಿದ ಜೂಲಿಯಾ ಮಾರ್ಗನ್ ಎಂಬ ಮಹಿಳೆಯೇ ಕೆಳಗಿನ ಊರಿನಲ್ಲಿ ಕೆಲಸದವರ ಮನೆಗಳನ್ನೂ ರೂಪಿಸಿದಳು. ಧಣಿ ಸಾಕಿದ್ದ ಜೀಬ್ರಾಗಳ ಸಂತತಿ ಈಗಲೂ ಅಲ್ಲಿನ ಹುಲ್ಲುಗಾವಲಿನಲ್ಲಿ ಮೇಯುತ್ತಿದೆ. ಅವನು 1951ರಲ್ಲಿ ತೀರಿಕೊಂಡ. 1957ರಲ್ಲಿ ಮನೆತನದ ಕಂಪನಿ ಅರಮನೆಯನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು, ದನದ ಸೀಮೆಯನ್ನು ತನ್ನಲ್ಲೇ ಇಟ್ಟುಕೊಂಡಿತು.

ಮುಂದೆ ಅದೇ ಕಂಪನಿ ತೀರದಲ್ಲಿ ದೊಡ್ಡ ಹೋಟೆಲು, ಗಾಲ್ಫ್ ಮೈದಾನ ಕಟ್ಟಲು ಹೊರಟಿತು. ಜನ ವಿರೋಧಿಸಿದರು. 1998ರಲ್ಲಿ ಕರಾವಳಿ ಆಯೋಗ ಆ ಯೋಜನೆಯನ್ನು ತಿರಸ್ಕರಿಸಿತು. ಕೊನೆಗೆ 2005ರಲ್ಲಿ ಒಪ್ಪಂದವಾಯಿತು. 82,000 ಎಕರೆಯ ಬಹುಪಾಲಿನಲ್ಲಿ ಎಂದೆಂದಿಗೂ ಕಟ್ಟಡ ಏಳಕೂಡದು. ಹೆದ್ದಾರಿಯಾಚೆಯ ಕಡಲಂಚಿನ ಹೆಚ್ಚಿನ ಭಾಗ ಸರ್ಕಾರಕ್ಕೆ. ಪ್ರತಿಯಾಗಿ ಕಂಪನಿಗೆ ನಗದು ಮತ್ತು ತೆರಿಗೆ ರಿಯಾಯಿತಿ ಸೇರಿ 9.5 ಕೋಟಿ ಡಾಲರ್. ದನವೂ ಅವರದೇ, ಹುಲ್ಲೂ ಅವರದೇ. ಮನೆತನಕ್ಕೆ ಕೆಲವು ಮನೆಗಳನ್ನು, ಹಳೆಯ ಊರಿನಲ್ಲಿ ಒಂದು ಸಣ್ಣ ಹೋಟೆಲನ್ನು ಕಟ್ಟಿಕೊಳ್ಳುವ ಹಕ್ಕೂ ಉಳಿಯಿತು.

ಇದನ್ನು ಓದುವಾಗ ನನಗೆ ವಕ್ಫ್ ನೆನಪಾಯಿತು. ಆ ಪದದ ಮೂಲಾರ್ಥ 'ತಡೆದು ನಿಲ್ಲಿಸುವುದು'. ಉರ್ದು ಶಾಲೆಯಲ್ಲಿ ಓದಿನ ನಡುವಿನ ವಿರಾಮಕ್ಕೂ ನಾವು ವಕ್ಫಾ ಎನ್ನುತ್ತಿದ್ದೆವು. ವಕ್ಫ್ ಮಾಡಿದ ನೆಲವನ್ನು ಮಾರುವಂತಿಲ್ಲ, ಮಕ್ಕಳಿಗೆ ಆಸ್ತಿಯಾಗಿ ಹಂಚುವಂತಿಲ್ಲ. ಸ್ಯಾನ್ ಸಿಮಿಯೋನಿನಲ್ಲೂ ನೆಲವನ್ನು ತಡೆದು ನಿಲ್ಲಿಸಿದ್ದಾರೆ. ಆದರೆ ಕೊಟ್ಟವರ ಕೈ ಖಾಲಿಯಾಗಿಲ್ಲ.

ಹಾಗೆಂದು ಆ ಮನೆತನವನ್ನು ಬೈದು ಮುಗಿಸುವುದು ನ್ಯಾಯವಲ್ಲ. ಆ ಭೂಮಿ ನೂರಾರು ಕೈಗಳಿಗೆ ಹಂಚಿಹೋಗಿದ್ದರೆ ಎಂದೋ ನಿವೇಶನಗಳಾಗುತ್ತಿತ್ತು. ಧಣಿಯ ಹಿಡಿತವೇ ಹುಲ್ಲನ್ನು ಉಳಿಸಿತು, ನಿಜ. ಆದರೆ ಆ ಹಿಡಿತ ಹೋಟೆಲಿನತ್ತ ತಿರುಗಿದಾಗ ಅದನ್ನು ತಡೆದವರು ಸಾಮಾನ್ಯ ಜನ. ಧಣಿಯ ಹೆಸರು ಅರಮನೆಯ ಮೇಲಿದೆ. ಸಭೆಗಳಲ್ಲಿ ಎದ್ದು ನಿಂತು ಬೇಡವೆಂದವರ ಹೆಸರು ಯಾವ ಗೋಡೆಯ ಮೇಲಿದೆ? ಆ ತೀರದಲ್ಲಿ ಇಂದು ಸಲೀಸಾಗಿ ನಡೆದಾಡುವವರ ಶುಕ್ರಿಯಾದಲ್ಲಿ ಒಂದು ಪಾಲು ಅವರಿಗೂ ಸಲ್ಲಬೇಕು.